ಓಡಿಸುವವನ ಮೊದಲ ಸುತ್ತು

ಸಿಂದಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ವ್ಯಾಯಾಮ ಮಾಸ್ತರ. ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಸೀಟಿ ಊದಿ ಮಕ್ಕಳನ್ನು ಓಡಿಸಿದ್ದೇನೆ. ನಾನು ಓಡಿದವನಲ್ಲ. ಇದು ಯಾರಿಗೂ ಗೊತ್ತಾಗಬಾರದೆಂದು ಎಷ್ಟು ಜಾಗ್ರತೆ ವಹಿಸಿದರೂ ಮರ್ಯಾದೆ ಹೋಗುವ ಪ್ರಸಂಗಗಳು ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತವೆ.

ತಪಾಸಣೆ

ಊರಲ್ಲಿ ಎಲ್ಲರೂ ಗುರುತಿನವರೆಂದು ಇಂಡಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿತ್ತು.

"ಏನ್ ಕೆಲಸರಿ?"

"ಮಾಸ್ತರರಿ."

"ಯಾವ ವಿಷಯ?"

"ಸಮಾಜ ವಿಜ್ಞಾನರಿ."

"ಅದಕ್ಕs ಹಿಂಗಾಗೇತಿ. ಬರೇ ಕುಂತ ಕೆಲಸ. ದಿನಾ ನಡೀರಿ. ಹೆಂಗ ಶುರು ಮಾಡೂದಂತ ನಿಮ್ಮ ಸಾಲಿ ಪಿ.ಟಿ. ಮಾಸ್ತರನ್ನ ಕೇಳ್ರಿ."

ಕೇಳುತ್ತೇನೆ ಎಂದು ಹೇಳಿ ಬಂದೆ.

ಮೋರಟಗಿ ರಸ್ತೆ

ಬೆಳಿಗ್ಗೆ ಊರ ಹೊರಗೆ ನಡೆಯತೊಡಗಿದೆ. ಮುನ್ನೂರು ಹೆಜ್ಜೆ ಆಗಿರಬೇಕು, ಬೈಕಿನ ರೈತನೊಬ್ಬ ನಿಲ್ಲಿಸಿದ.

"ಬಸ್ ತಪ್ಪೇತೇನ್ರಿ ಸರ?"

"ಇಲ್ಲಪಾ, ಸುಮ್ನ ನಡ್ಯಾಕತ್ತೇನಿ."

"ಸುಮ್ನ ಯಾರರ ನಡೀತಾರೇನ್ರಿ? ಸಂಕೋಚ ಮಾಡ್ಕೋಬ್ಯಾಡ್ರಿ, ಹತ್ರಿ."

ಹತ್ತದಿದ್ದರೆ ಬೇಸರ ಮಾಡಿಕೊಳ್ಳುತ್ತಾನೆ. ಹತ್ತಿದೆ. ದೂರದ ಮೋರಟಗಿಯವರೆಗೂ ಒಯ್ದು ಇಳಿಸಿದ. ಮರಳುವಾಗ ಇನ್ನೊಬ್ಬ ಕೂರಿಸಿಕೊಂಡು ಬಂದ.

"ಎಲ್ಲಿ ತನಕ ಹೋಗಿದ್ರಿ?" ಎಂದಳು ಹೆಂಡತಿ.

"ಮೋರಟಗಿ ತನಕ" ಎಂದೆ. ಪಾಪ, ಅಂದು ಊಟಕ್ಕೆ ಎರಡು ರೊಟ್ಟಿ ಹೆಚ್ಚು ಬಡಿಸಿದಳು.

ಮೈದಾನ

ಕೊನೆಗೆ, ನಸುಕಿನಲ್ಲಿ ಯಾರೂ ಇರುವುದಿಲ್ಲವೆಂದು ಶಾಲೆಯ ಮೈದಾನಕ್ಕೇ ಹೋದೆ. ಮಕ್ಕಳಿಗೆ ಹೇಳುವಂತೆ ನನಗೂ ಐದು ಸುತ್ತು ಹೇಳಿಕೊಂಡು ಓಡತೊಡಗಿದೆ. ಅರ್ಧ ಸುತ್ತಿಗೇ ಕಣ್ಣು ಕತ್ತಲಿಟ್ಟು ನೆಲದ ಮೇಲೆ ಕುಳಿತೆ. ಹಿಂದೆ ಹೆಜ್ಜೆ ಸಪ್ಪಳ. ತಾಲೂಕು ಕ್ರೀಡಾಕೂಟಕ್ಕೆ ಓಡಿ ತಯಾರಾಗುತ್ತಿದ್ದ ಹತ್ತನೇ ತರಗತಿಯ ಹುಡುಗಿ.

"ಟ್ರ್ಯಾಕ್ ಸರಿ ಐತೋ ಇಲ್ಲೋ ನೋಡಾಕತ್ತಿದ್ನಿ" ಎಂದೆ, ಏದುಸಿರಿನ ನಡುವೆ.

ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ನೀರಿನ ಬಾಟಲಿ ಕೊಟ್ಟಳು.

"ಮೊದಲನೇ ದಿನಾನs ಓಡಬಾರದ್ರಿ ಸರ. ಇವತ್ತ ಆ ಕಂಬದ ತನಕ ನಡೀರಿ, ಸಾಕು. ನಾಕ ದಿನ ಅಷ್ಟs. ಆಮ್ಯಾಲ ಮುಂದಿನ ಕಂಬ."

"ಇದನ್ನ ಯಾರ ಕಲಿಸಿದ್ರವ್ವಾ?"

"ಯಾರೂ ಇಲ್ರಿ. ನಿಮ್ಮ ಪೀರಿಯಡ್‌ನ್ಯಾಗ ಬಿದ್ದೂ ಬಿದ್ದೂ ನಾವs ಕಲ್ತೇವ್ರಿ."

ತಲೆ ತಗ್ಗಿಸಿ ಕಂಬದವರೆಗೆ ನಡೆದೆ. ಜೊತೆಗೇ ಬಂದಳು. ಮುಟ್ಟಿದ ಮೇಲೆ ಮೆಲ್ಲಗೆ ಕೇಳಿಕೊಂಡೆ:

"ನನಗ ಓಡಾಕ ಬರೂದಿಲ್ಲ ಅಂತ ಯಾರ ಮುಂದನೂ ಹೇಳಬ್ಯಾಡವಾ."

"ಅದು ಎಂಟನೇ ಕ್ಲಾಸಿನ್ಯಾಗs ಎಲ್ಲಾರಿಗೂ ಗೊತ್ತಾಗಿರ್ತೈತ್ರಿ ಸರ" ಎಂದಳು. "ನೀವು ಕುರ್ಚಿ ಬಿಟ್ಟ ಎದ್ದೀರಿ ಅಂದ್ರನs ಯಾರೂ ನಂಬೂದಿಲ್ರಿ."