ಗೆರಟೆಯಲ್ಲಿ ಚಾ ಕುಡಿದ ಮಾವ

ನನ್ನ ಸೋದರಮಾವನ ತಲೆ ಸರಿ ಇಲ್ಲವೆಂದು ತಿಳಿಯಲು ನನಗೆ ಬಿದ್ದ ಖರ್ಚು ಒಂದು ಎಮ್ಮೆ! ಎಂಥ ಎಮ್ಮೆ ಅಂತೀರಿ! ಎರಡನೆಯ ಸೂಲು, ಹೊತ್ತಿಗೆ ಮೂರು ಸೇರು ಹಾಲು. ಅದರ ಯಜಮಾನನಿಗೆ ಉಪ್ಪಿನಂಗಡಿಯಲ್ಲಿ ಚಾ ಹೋಟೆಲು. ಬೆಲೆ ಇಳಿಸಲು ಮೂರು ವಾರ ಅವನ ಸಪ್ಪೆ ಚಾ ಹೊಗಳಿದ್ದೆ. ಹೊಗಳಿಕೆಗೆ ಕಾಸು ಬೀಳುವುದಿಲ್ಲ ನೋಡಿ!

ಮಾವನ ಹುಚ್ಚು ಹಳೆಯದು. ಪಂಜ ಊರಿನ ಅವರ ಗದ್ದೆಯಲ್ಲಿ ಭತ್ತದ ನೇಜಿ ನೆಡುವ ದಿನ ಅತ್ತೆ, "ಎಷ್ಟು ಆಳು ಬಂದಿದ್ದಾರೆ?" ಎಂದರೆ ಮಾವ, "ಚೋಮು ಬಂದಳು, ಐತೆ ಬಂದಳು, ತನಿಯ ಬಂದ..." ಎಂದು ಶುರು.

"ಲೆಕ್ಕ ಹೇಳಿ ಮಾರಾಯ್ರೆ, ಗಂಜಿಗೆ ಅಕ್ಕಿ ಹಾಕ್ಲಿಕ್ಕೆ!"

"ಲೆಕ್ಕಕ್ಕೆ ಅವರೆಂತ ತೆಂಗಿನಕಾಯಾ?"

ಅತ್ತೆ ಅಂದಾಜಿಗೆ ಸುರಿಯುತ್ತಿದ್ದರು. ಆ ಮನೆಯಲ್ಲಿ ಗಂಜಿ ಯಾವತ್ತೂ ಮಿಗುತ್ತಿತ್ತು!

ಎಮ್ಮೆಯ ಮಾತು ಮುಗಿಸುವ ದಿನ ಹೋಟೆಲಿಗೆ ನನ್ನ ಜೊತೆ ಮಾವನೂ ಬಂದರು, ಅದನ್ನು ಹೊಡೆದುಕೊಂಡು ಬರಲು ತನಿಯನೂ. ನಮ್ಮಿಬ್ಬರಿಗೆ ಬೆಂಚು, ಗಾಜಿನ ಲೋಟ. ಅಂಗಳದಲ್ಲಿ ನಿಂತ ತನಿಯನಿಗೆ ಬೇಲಿಗೆ ಸಿಕ್ಕಿಸಿದ್ದ ತೆಂಗಿನ ಗೆರಟೆ. ಅದಕ್ಕೆ ಮೇಲಿನಿಂದ ಚಾ ಸುರಿದರು. ಅವನ ಜಾತಿಯವರಿಗೆ ಆಗ ಎಲ್ಲ ಕಡೆ ಹಾಗೆಯೇ. ಅದು ಐವತ್ತರ ದಶಕ. ಕಾನೂನು ಬಂದಾಗಿತ್ತು, ಲೋಟ ಬಂದಿರಲಿಲ್ಲ.

ಮಾವ ಎದ್ದರು. "ಅವನಿಗೂ ಲೋಟ ಕೊಡಿ."

"ಎಂತ ತಮಾಷೆ ಧಣಿಗಳೇ! ಗೆರಟೆ ಅಂಥವರಿಗೇ ಇರುದು."

"ಅಂಥವರು ಅಂದ್ರೆ? ಬಾಯಿ ಉಂಟು, ಬಾಯಾರಿಕೆ ಉಂಟು. ಲೋಟಕ್ಕೆ ಮತ್ತೆಂತ ಬೇಕು, ಜಾತಕವಾ?"

ನಾನು ಅಂಗಿ ಜಗ್ಗಿದೆ. "ಮಾವ, ಎಮ್ಮೆ!"

"ಹೌದು ಮಾರಾಯ, ಎಮ್ಮೆ! ಅದಕ್ಕೆ ಕುಡಿಲಿಕ್ಕೆ ಇವರು ಅಕ್ಕಚ್ಚು ಇಡುದು ಹಿತ್ತಾಳೆ ಪಾತ್ರೆಯಲ್ಲಿ. ನೀನು ನೋಡಲಿಲ್ವಾ?"

ಎಮ್ಮೆಯ ಹಲ್ಲು, ಕೆಚ್ಚಲು, ಬಾಲ ಎಲ್ಲ ನೋಡಿದ್ದ ನಾನು ಪಾತ್ರೆ ನೋಡಿರಲಿಲ್ಲ.

ಮಾವ ಅಂಗಳಕ್ಕಿಳಿದು ಬೇಲಿಯಿಂದ ಇನ್ನೊಂದು ಗೆರಟೆ ಕಿತ್ತು, ತಮ್ಮ ಚಾ ಅದಕ್ಕೆ ಸುರಿದು ತನಿಯನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಪೇಟೆಯೇ ನಿಂತು ನೋಡಿತು!

"ಎಮ್ಮೆ ಇಲ್ಲ, ಹೋಗಿ!" ಎಂದು ಹೋಟೆಲಿನವನು ಕಿರುಚಿದ.

ಮಾವನಿಗೆ ಗೆರಟೆ ಹಿಡಿಯಲೂ ಬರುತ್ತಿರಲಿಲ್ಲ. ಕೈ ಸುಟ್ಟಿತು, ಚಾ ಅಂಗಿಗೆ ಚೆಲ್ಲಿತು. ಆಗ ತನಿಯ, ನಮ್ಮವರನ್ನು ಎಂದೂ ಮುಟ್ಟದ ತನಿಯ, ಮೆಲ್ಲನೆ ಕೈ ಚಾಚಿ ಅವರ ಬೆರಳುಗಳನ್ನು ಸರಿಪಡಿಸಿದ.

"ಅಂಚಿನಲ್ಲಿ ಹಿಡಿಬೇಕು ಧಣಿ. ನನಗೆ ಸಣ್ಣಂದಿನಿಂದ ಅಭ್ಯಾಸ."

ಅರ್ಧ ಕುಡಿದಿದ್ದ ಲೋಟವನ್ನು ನಾನು ಬೆಂಚಿನ ಮೇಲಿಟ್ಟೆ.

ಆದ್ದರಿಂದ ಹೇಳುತ್ತೇನೆ, ಕೇಳಿ: ಯಾರ ಜೊತೆಗೇ ಹೋಟೆಲಿಗೆ ಹೋಗಿ, ಮೊದಲು ಅವರ ಲೋಟ ಕೇಳಿ, ಆಮೇಲೆ ನಿಮ್ಮದು. ಒಂದು ಗುಟುಕು ಕುಡಿದ ಮೇಲೆ ಜಗಳ ಮಾಡಲು ಮನಸ್ಸು ಬರುವುದಿಲ್ಲ.