ಇನ್ನಂಜೆಯ ಗದ್ದೆಗಿಳಿದ ಐರ್ಲೆಂಡಿನ ಆಟ

ನನ್ನ ಹೆಂಡತಿಯ ತಮ್ಮನ ಮಾತಿನಲ್ಲಿ ಸುಳ್ಳು ಎಷ್ಟು ಎಂದು ಕೇಳಿದರೆ ನಾನು ಉತ್ತರಿಸಲಾರೆ. ನಿಜ ಎಷ್ಟು ಎಂದು ಕೇಳಿ, ಬೆರಳು ಮಡಿಸಿ ಲೆಕ್ಕ ಹೇಳಬಲ್ಲೆ!

ಗಲ್ಫಿನಿಂದ ಊರಿಗೆ ಮರಳುವವರು ಚಿನ್ನ ತರುತ್ತಾರೆ, ಅತ್ತರು ತರುತ್ತಾರೆ. ಅಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದ ಈ ಮಹಾನುಭಾವ ಇನ್ನಂಜೆಗೆ ತಂದದ್ದು ಒಂದು ಚೆಂಡು! ಐರ್ಲೆಂಡಿನ ಇಂಜಿನಿಯರುಗಳು ತಮ್ಮ ದೇಶದ ಗೇಲಿಕ್ ಫುಟ್ಬಾಲ್ ಆಡುವಾಗ ಜನ ಸಾಲದೆ ಇವನನ್ನು ಎಳೆದುಕೊಂಡಿದ್ದರಂತೆ. ಆ ಆಟದಲ್ಲಿ ಚೆಂಡನ್ನು ಒದೆಯಲೂಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ಆದರೆ ನಾಲ್ಕು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದಕ್ಕೆ ತಾಗಿಸಿ ಹಿಡಿಯಬೇಕು. ಕೊಯ್ಲಾದ ಗದ್ದೆಯ ಕೂಳೆಗಳಲ್ಲಿ ಚೆಂಡು ಪುಟಿಯುವುದುಂಟೇ? ಸರಕಾರಿ ಕಡತದ ಹಾಗೆ ಬಿದ್ದಲ್ಲೇ ಕೂರುತ್ತದೆ!

ಅಡ್ಡಪಟ್ಟಿಯನ್ನೂ ಮೀರಿ ಎತ್ತರಕ್ಕೆ ನಿಂತ ಗೋಲುಕಂಬಗಳನ್ನು ಕಂಡು ಹಿರಿಯಡ್ಕದ ನೆಂಟರೊಬ್ಬರು ಕನಿಕರದಿಂದ ಕೇಳಿದರು: "ಚಪ್ಪರ ಅರ್ಧಕ್ಕೇ ನಿಂತಿದೆಯಲ್ಲ, ಮದುವೆ ಮುರಿಯಿತಾ ಎಂತ?"

ಮೊದಲ ಪಂದ್ಯಕ್ಕೆ ಸಿಕ್ಕಿದವರು ಊರಿನ ಕಬಡ್ಡಿ ಆಟಗಾರರು. ಚೆಂಡು ಹಿಡಿದು ಓಡಿದವನ ಕಾಲುಗಳನ್ನು ಐವರು ಒಟ್ಟಿಗೆ ಅಪ್ಪಿಕೊಂಡರು!

"ಬಿಡಿ ಮಾರಾಯ್ರೆ, ಫೌಲು!" ಎಂದು ಇವನು ಅರಚಿದ.

"ಬಿಡುವುದು ಹೇಗೆ ಅಣ್ಣ? ಅವನಿನ್ನೂ ಗೆರೆ ಮುಟ್ಟಿಲ್ಲ!"

ಇಂತಹ ಕ್ಲಬ್ಬಿಗೂ ಹತ್ತು ವರ್ಷ ತುಂಬಿತು. ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವ ಹೊಣೆ ನನಗೆ ಬಂತು. ಏಳನೆಯ ತರಗತಿಗೇ ಶಾಲೆ ಬಿಟ್ಟವನಾದ್ದರಿಂದ, ಹೇಳಿದ್ದನ್ನೆಲ್ಲ ನಂಬುವ ಶಿಕ್ಷಣ ನನಗೆ ದೊರಕಲಿಲ್ಲ. ಇವನು ಬರೆದುಕೊಟ್ಟ ಮೊದಲ ಸಾಲಿನಲ್ಲೇ ನನ್ನ ಪೆನ್ನು ನಿಂತಿತು: 'ಸಂಸ್ಥಾಪಕರು: ದಿವಂಗತ ಗ್ರೆಗರಿಯವರು.' ನಾವು ಆಡುವ ಗದ್ದೆಯ ಒಡೆಯ ಗ್ರೆಗರಿ! ಕ್ಲಬ್ಬು ಹುಟ್ಟಿದ ವರ್ಷ ಅವರು ಕಾಯಿಲೆಯಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲವೆಂಬುದು ಊರಿಗೇ ಗೊತ್ತು. ಸಾಲನ್ನು ಹೊಡೆದುಹಾಕಿದೆ.

"ಭಾವ, ಅದನ್ನು ತೆಗೆದರೆ ಅವರ ಹೆಂಡತಿ ಲಿಲ್ಲಿ ಬಾಯಿಗೆ ಬೇಸರವಾಗುತ್ತದೆ. ಈ ಸಲ ಗದ್ದೆಗೆ ಉದ್ದು ಬಿತ್ತಿದರೆ ಮಕ್ಕಳು ಆಡುವುದೆಲ್ಲಿ?"

"ಗದ್ದೆ ಉಳಿಸಲಿಕ್ಕೆ ಸುಳ್ಳು ಬರೆಯಬೇಕೋ?"

"ಸುಳ್ಳಲ್ಲ. ನೀವೇ ಹೋಗಿ ಕೇಳಿ."

ಹೋದೆ. ಲಿಲ್ಲಿ ಬಾಯಿ ಅಂಗಳದಲ್ಲಿ ಕೂತು ಉದ್ದು ಕೇರುತ್ತಿದ್ದರು. ಬಿತ್ತನೆಗೇ ಇರಬೇಕು! ಆದರೂ ಕೇಳಿಯೇಬಿಟ್ಟೆ: "ಬಾಯಿ, ಎದ್ದು ನಿಲ್ಲಲಾರದವರು ಕ್ಲಬ್ಬು ಕಟ್ಟಿದ್ದು ಹೇಗೆ?"

ಅವರು ಗೆರಸೆಯನ್ನು ಕೆಳಗಿಟ್ಟರು.

"ಮೊದಮೊದಲು ನಿಮ್ಮ ಭಾವಮೈದುನನ ಜೊತೆ ಯಾರಿದ್ದರು? ಕರೆದರೂ ಒಬ್ಬರು ಬರುತ್ತಿರಲಿಲ್ಲ. ದಿನಾ ಸಂಜೆ ಒಬ್ಬನೇ ಒದೆಯುವುದು, ಒಬ್ಬನೇ ಓಡಿ ತರುವುದು. ಅದನ್ನು ಜಗಲಿಯಿಂದ ನೋಡಿ ನಮ್ಮ ಇವರಿಗೆ ನಗು. ಕಾಯಿಲೆ ಬಿದ್ದ ಮೇಲೆ ಇವರು ನಕ್ಕದ್ದು ಅದೊಂದಕ್ಕೇ! ಒಂದು ದಿನ ಚೆಂಡು ಅಂಗಳಕ್ಕೆ ಬಂತು. ನಾನು ಹೊರಗೆ ಬಂದು ನೋಡುವಾಗ ಇವರು ಜಗಲಿಯ ಕಂಬ ಹಿಡಿದು ಎದ್ದು ನಿಂತಿದ್ದಾರೆ. ಒದ್ದರು. ಚೆಂಡು ಅಂಗಳ ಕೂಡ ದಾಟಲಿಲ್ಲ. ನಿಮ್ಮ ಭಾವಮೈದುನ ಗದ್ದೆಯಿಂದ 'ಗೋಲ್' ಅಂತ ಬೊಬ್ಬೆ ಹೊಡೆದ. ಮರುದಿನದಿಂದ ಸಂಜೆಯಾದರೆ ಇವರು ಯಾರೂ ಹೇಳದೆ ಎದ್ದು ನಿಲ್ಲುತ್ತಿದ್ದರು. ಒಬ್ಬನ ಆಟಕ್ಕೆ ಎರಡನೆಯವರು ಸಿಕ್ಕಿದ್ದು ಹಾಗೆ."

ಗೆರಸೆಯತ್ತ ಕೈ ತೋರಿಸಿ ಕೇಳಿದೆ: "ಈ ಉದ್ದು?"

"ಆಚೆ ಗದ್ದೆಗೆ. ನೀವು ಎಂತ ಬರೆದರೂ ಈ ಗದ್ದೆ ಮಕ್ಕಳಿಗೇ."

ಗದ್ದೆಯಲ್ಲಿ ಹುಡುಗಿಯರ ತಂಡ ಆಡುತ್ತಿತ್ತು. ಇವನು ಬದುವಿನ ಮೇಲೆ ನನ್ನನ್ನೇ ಕಾಯುತ್ತಿದ್ದ.

"ಎಂತ ಹೇಳಿದರು ಭಾವ?"

"ನೀನು ಬರೆದದ್ದರಲ್ಲಿ ತಪ್ಪುಂಟು."

ಅವನ ಮುಖ ಬಾಡಿತು.

"ಸಂಸ್ಥಾಪಕರು ಇಬ್ಬರು ಮಾರಾಯ. ಒಬ್ಬನನ್ನು ನೀನು ಬಿಟ್ಟಿದ್ದೀ."

ಅವನು ತಟ್ಟನೆ ಬೆನ್ನು ತಿರುಗಿಸಿ, ಯಾವ ತಪ್ಪನ್ನೂ ಮಾಡದ ಆ ಹುಡುಗಿಯರನ್ನು ಗಟ್ಟಿಯಾಗಿ ಬೈಯತೊಡಗಿದ.