ಹುರುಳಿ ತಿಂದ ಅಶ್ವರತ್ನ

ಕುದುರೆ ಸಿನಿಮಾ ನೋಡಿದವರೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋದರು. ನಾನು ಮಾತ್ರ ಕುದುರೆಯಾಗಿ ಬಂದೆ.

ಚನ್ನರಾಯಪಟ್ಟಣದಿಂದ ಹಾಸನದ ಟಾಕೀಸಿಗೆ ಸಕುಟುಂಬ ದಂಡಯಾತ್ರೆ: ನಾನು, ಹೆಂಡತಿ ನೇತ್ರಾ, ಅಮ್ಮ, ಜೊತೆಗೆ ಹೊಳೆನರಸೀಪುರದ ಮಾವ ಚಂದ್ರಶೇಖರಯ್ಯನವರು. ತೆರೆಯ ಮೇಲೆ ಯಾರಿಗೂ ಬೇಡವಾದ ಬಡಕಲು ಕುದುರೆ ಮುಕ್ಕಾಲು ರೇಸು ಕೊನೆಯಲ್ಲೇ ಓಡಿ, ಆಮೇಲೆ ಒಂದೇ ಉಸಿರಿಗೆ ಎಲ್ಲರನ್ನೂ ಹಿಂದಿಕ್ಕಿತು! ನಾನು ಎದ್ದು ನಿಂತು ಶಿಳ್ಳೆ ಹೊಡೆದೆ.

"ಕೂತ್ಕೊಳ್ಳಿ ಅಳಿಯಂದ್ರೇ," ಅಂದರು ಮಾವ. "ಓಡಿದ್ದು ಕುದ್ರೆ. ನೀವು ಮೊದ್ಲಿಂದ್ಲೂ ಸ್ವಲ್ಪ ನಿಧಾನ."

ಈ 'ಸ್ವಲ್ಪ ನಿಧಾನ' ನಿಶ್ಚಿತಾರ್ಥದಂದೇ ಅವರು ನನಗೆ ದಯಪಾಲಿಸಿದ ಬಿರುದು. (ಬಸ್ಸು ತಪ್ಪಿ, ಎರಡನೇ ಪಂಕ್ತಿಯ ಹೊತ್ತಿಗೆ ತಲುಪಿದ್ದೆ.) ಅದನ್ನು ಅವರ ಬಾಯಿಂದಲೇ ವಾಪಸು ತೆಗೆಸಬೇಕು! ನಾನು ಬಿಲ್ಲು ಬರೆಯುವ ಬೀಜ-ಗೊಬ್ಬರದ ಕಂಪನಿಯಲ್ಲಿ ಬರುವ ತಿಂಗಳೇ ಸಿಬ್ಬಂದಿ ಮತ್ತು ಕುಟುಂಬದವರ ಕ್ರೀಡಾಕೂಟ.

"ಎಂಟುನೂರು ಮೀಟರ್ ಓಟದ ಕಪ್ಪು ನಂದೇ ಮಾವ. ಬಂದು ನೋಡಿ," ಅಂದೇಬಿಟ್ಟೆ.

ಮಾರನೆಯ ಬೆಳಗಿಗೆ ಮನೆ ಲಾಯವಾಯಿತು. "ಕುದ್ರೆಗೆ ಇಕ್ಕೋದು ಇದ್ನೇ ಕಣ್ಲಾ ಮಗ, ತಿನ್ನು!" ಅಂತ ಅಮ್ಮ ಹುರುಳಿ ಸಾರು, ಹುರುಳಿ ಪಲ್ಯ, ಡಬ್ಬಿಗೆ ಹುರುಳಿ ಉಸಲಿ. (ಆಫೀಸಿನಲ್ಲಿ ಪಕ್ಕದ ಕಾಂತರಾಜು ಎರಡೇ ದಿನಕ್ಕೆ ಕುರ್ಚಿ ಎತ್ತಿಕೊಂಡು ಕಿಟಕಿಯ ಬಳಿ ಹೋದ.)

ನೇತ್ರಾ ತರಬೇತುದಾರಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ನಾನು ಮುಂದೆ ಓಡಿ, ಮೊದಲ ತಿರುವಿನ ಟೀ ಅಂಗಡಿಯೊಳಗೆ ಅಂತರ್ಧಾನ. ಅವಳು ನನ್ನನ್ನು ಹುಡುಕುತ್ತಾ ಕೆರೆ ಏರಿಯ ತುದಿವರೆಗೂ ಓಡಿ ವಾಪಸು. ಒಂದು ತಿಂಗಳು, ದಿನಾ!

"ರೀ, ನಾಚ್ಕೆ ಆಗಲ್ವಾ?"

"ಕುದ್ರೆ ದಣೀಬಾರ್ದು ಕಣೇ!"

ಕ್ರೀಡಾಕೂಟ ಬಂತು. ಸಿನಿಮಾದ ಕುದುರೆಯಂತೆ ಬೇಕೆಂದೇ ಕೊನೆಯಲ್ಲಿ ಉಳಿದೆ. ನೇತ್ರಾ ಸೆರಗು ಸಿಕ್ಕಿಸಿ, ಹಗ್ಗದ ಹೊರಗೆ ಜೊತೆಜೊತೆಗೇ ಓಡುತ್ತಾ ಸೀಟಿ ಊದುತ್ತಿದ್ದಳು. ಶಾಮಿಯಾನದಡಿ ಮಾವ ತಲೆಯಾಡಿಸುತ್ತಿದ್ದರು. ಇರಲಿ! ಕೊನೆಯ ತಿರುವು ಬಂತು. ಈಗ! ಎಂದು ಕಾಲಿಗೆ ಆಜ್ಞೆ ಮಾಡಿದೆ.

ಕಾಲು ಟೀ ಕೇಳಿತು.

"ಇಂಗೆ ಓಡ್ರೀ! ನನ್ನ ನೋಡ್ಕೊಂಡು ಓಡ್ರೀ!"

ನೋಡಿದೆ. ನೋಡುತ್ತಲೇ ಇದ್ದೆ. ಅವಳು ಒಬ್ಬೊಬ್ಬರನ್ನೇ ದಾಟಿ, ಕಾಂತರಾಜುವನ್ನೂ ದಾಟಿ, ಹಗ್ಗ ಮುಗಿದಲ್ಲಿ ಒಳಗೆ ನುಗ್ಗಿ ಟೇಪು ಹರಿದಳು!

"ಅವ್ರು ಹೊರಗಡೆ ಓಡಿದ್ದು ಸಾ!" ಕಾಂತರಾಜು ಕೂಗಿದ.

"ಹೊರಗಡೆ ದಾರಿ ಇನ್ನೂ ಉದ್ದ ಕಣಯ್ಯ," ಅಂದರು ಮ್ಯಾನೇಜರು ಗಂಗಾಧರಯ್ಯನವರು. "ಕುಟುಂಬದವರೇ ತಾನೆ? ಕೊಡಿ ಕಪ್ಪು!"

ಮಾವ ಕಣ್ಣೊರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಳಿಯಂದ್ರೇ, ನಿಮ್ಮನ್ನ ಸ್ವಲ್ಪ ನಿಧಾನ ಅಂದಿದ್ದು ತಪ್ಪಾಯ್ತು."

ನನ್ನ ಎದೆ ಉಬ್ಬಿತು.

"'ಸ್ವಲ್ಪ' ಅನ್ನಬಾರ್ದಿತ್ತು."

ಈಗ ಮನೆಯಲ್ಲಿ ಹುರುಳಿ ನೇತ್ರಾಳಿಗೆ, ಬೇಯಿಸುವ ಕೆಲಸ ನನಗೆ. ಇವತ್ತು ಕುಕ್ಕರ್ ಮೂರನೇ ಸೀಟಿ ಹಾಕಿದ ಕೂಡಲೇ, ತಿಂಗಳ ತರಬೇತಿಯ ಫಲವೋ ಏನೋ, ಕಾಲು ತಾನಾಗಿ ನಡುಮನೆಯಿಂದ ಒಲೆಯ ಬಳಿಗೆ ಓಡಿತು. ಹಿಂದಿನಿಂದ ನೇತ್ರಾಳ ದನಿ:

"ನಾಲ್ಕು ಸೆಕೆಂಡು! ಪರ್ವಾಗಿಲ್ಲ ರೀ, ಸುಧಾರಿಸ್ತಿದ್ದೀರಾ."